ವಾಷಿಂಗ್ ಮೆಷಿನ್ ನೀರು ನಿಲ್ಲಿಸಿದ ಕೂಡಲೇ ಗೋಡೆಯೊಳಗೆ ‘ಧಡ್’ ಎಂಬ ಸದ್ದು: ಕಾರಣವೇನು, ಪರಿಹಾರವೇನು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಅಂತಸ್ತಿನ ಮನೆ. ಚಾವಣಿಯ ಮೇಲಿನ ಟ್ಯಾಂಕಿನಿಂದ ಇಳಿಯುವ ನೀರಿಗೆ ರಭಸ ಸಾಲದೆಂದು ಒಂದು ವರ್ಷದ ಹಿಂದೆ ಟ್ಯಾಂಕಿನ ಬಳಿಯೇ ಪ್ರೆಷರ್ ಪಂಪ್ ಹಾಕಿಸಿದೆವು. ತಣ್ಣೀರಿನದೆಲ್ಲ ಹಳೆಯ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು, ಬಿಸಿನೀರಿಗೆ ಮಾತ್ರ ಈಚೆಗೆ ಸಿಪಿವಿಸಿ (ಬಿಸಿ ತಾಳುವ ಪ್ಲಾಸ್ಟಿಕ್ ಪೈಪು) ಹಾಕಿಸಿದ್ದೇವೆ. ಪಂಪ್ ಬಂದ ಮೇಲೆ ಸ್ನಾನಕ್ಕೆ ನೀರು ಚೆನ್ನಾಗಿ ಬರುತ್ತಿದೆಯಾದರೂ ಅದರ ಬೆನ್ನಿಗೇ ಸದ್ದೂ ಶುರುವಾಗಿದೆ.

ವಾಷಿಂಗ್ ಮೆಷಿನ್ ನೀರು ತುಂಬಿಕೊಳ್ಳುವುದನ್ನು ನಿಲ್ಲಿಸಿದ ಕ್ಷಣದಲ್ಲೇ, ಯಾರೋ ಗೋಡೆಯ ಒಳಗಿನಿಂದ ಸುತ್ತಿಗೆಯಲ್ಲಿ ಹೊಡೆದಂತೆ ‘ಧಡ್’ ಎನ್ನುತ್ತದೆ. ಅದರ ಹಿಂದೆಯೇ ಎರಡು ಮೂರು ಸಣ್ಣ ಬಡಿತಗಳು ಕೇಳಿಸುತ್ತವೆ. ಅಡುಗೆಮನೆಯ ಲಿವರ್ ನಲ್ಲಿಯನ್ನು ಫಟ್ಟನೆ ಮುಚ್ಚಿದರೂ ಇದೇ ಸದ್ದು, ಸ್ವಲ್ಪ ಮೆಲ್ಲಗೆ. ಆದರೆ ಹಿತ್ತಲಿನ ಹಳೆಯ ತಿರುಪಿನ ನಲ್ಲಿಯನ್ನು ಎಷ್ಟು ಸಲ ತೆರೆದು ಮುಚ್ಚಿದರೂ ಸದ್ದಿಲ್ಲ. ಇದಲ್ಲದೆ ಬಿಸಿನೀರಿನ ಸ್ನಾನ ಮುಗಿದ ಮೇಲೆ ಸುಮಾರು ಹತ್ತು ನಿಮಿಷ ಗೋಡೆಯೊಳಗೆ ‘ಟಿಕ್ ಟಿಕ್’ ಎಂಬ ಸದ್ದು ಇರುತ್ತದೆ.

ಪ್ಲಂಬರ್ ಎರಡು ಸಲ ಬಂದು ಹೋದರು. ಮೊದಲ ಸಲ ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ ಎಂದು ಎಲ್ಲ ನಲ್ಲಿಗಳನ್ನೂ ತೆರೆದು ನೀರು ಬಿಟ್ಟರು, ಪ್ರಯೋಜನವಾಗಲಿಲ್ಲ. ಎರಡನೆಯ ಸಲ ಟ್ಯಾಂಕಿನ ಕೆಳಗಿರುವ ಗೇಟ್ ವಾಲ್ವನ್ನು ಅರ್ಧ ಮುಚ್ಚಿದರು. ಬಡಿತ ಸ್ವಲ್ಪ ತಗ್ಗಿದ್ದು ನಿಜ, ಆದರೆ ಈಗ ಎಲ್ಲಿ ನಲ್ಲಿ ತೆರೆದರೂ ‘ಗುಂಯ್’ ಎಂಬ ಹೊಸ ಸದ್ದು ಕೇಳುತ್ತದೆ. ವಾಷಿಂಗ್ ಮೆಷಿನ್ ಇರುವ ಜಾಗದ ಪಕ್ಕದ ಕೋಣೆಯಲ್ಲಿ ನಮ್ಮ ತಂದೆಯವರು ಮಲಗುತ್ತಾರೆ. ವಯಸ್ಸಾದವರು, ಒಮ್ಮೆ ಬೆಚ್ಚಿ ಎದ್ದರೆಂದರೆ ಮತ್ತೆ ಅವರಿಗೆ ನಿದ್ದೆ ಹತ್ತುವುದಿಲ್ಲ. ಈ ಬಡಿತದಿಂದ ಪೈಪಿಗೆ ಹಾನಿಯಾಗುತ್ತದೆಯೇ, ಗೋಡೆ ಒಡೆಸದೆ ಇದನ್ನು ಸರಿಪಡಿಸಬಹುದೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಮೊದಲ ಉತ್ತರ

ನಾನು ಬಹಳ ವರ್ಷಗಳಿಂದ ಪ್ಲಂಬಿಂಗ್ ಕೆಲಸ ಮಾಡಿಕೊಂಡು ಬಂದವನು. ನೀವು ಸದ್ದು ಯಾವಾಗ ಬರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಅರ್ಧ ಕೆಲಸ ಆಗಲೇ ಮುಗಿದಂತಾಗಿದೆ. ಪೈಪಿನ ಸದ್ದಿನ ವಿಷಯದಲ್ಲಿ ಅದು ಎಲ್ಲಿ ಕೇಳಿಸುತ್ತದೆ ಎನ್ನುವುದಕ್ಕಿಂತ ಯಾವ ಕ್ಷಣದಲ್ಲಿ ಕೇಳಿಸುತ್ತದೆ ಎನ್ನುವುದನ್ನೇ ನಂಬಬೇಕು, ಏಕೆಂದರೆ ಲೋಹದ ಪೈಪು ಒಂದು ಮೂಲೆಯಲ್ಲಿ ಹುಟ್ಟಿದ ಸದ್ದನ್ನು ಇನ್ನೊಂದು ಮೂಲೆಗೆ ಹೊತ್ತುಕೊಂಡು ಹೋಗಿಬಿಡುತ್ತದೆ.

ನಿಮ್ಮ ಮನೆಯಲ್ಲಿ ಒಂದಲ್ಲ, ಮೂರು ಬೇರೆ ಬೇರೆ ಸದ್ದುಗಳಿವೆ. ನೀರು ನಿಂತ ಕ್ಷಣದಲ್ಲಿ ಬರುವ ‘ಧಡ್’ ನಮ್ಮ ಕಸುಬಿನಲ್ಲಿ ವಾಟರ್ ಹ್ಯಾಮರ್ ಎಂದು ಕರೆಯುವಂಥದ್ದು. ಅದನ್ನು ಹೀಗೆ ಯೋಚಿಸಿ. ಟ್ಯಾಂಕಿನಿಂದ ಮೆಷಿನ್‌ವರೆಗೆ ಪೈಪಿನ ಉದ್ದ 20 ಮೀಟರ್, ಒಳವ್ಯಾಸ 15 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದರೊಳಗೆ ಯಾವಾಗಲೂ ಸುಮಾರು ಮೂರೂವರೆ ಕಿಲೋ ನೀರು ಇರುತ್ತದೆ. ನಿಮಿಷಕ್ಕೆ 12 ಲೀಟರಿನಂತೆ ನೀರು ಹರಿಯುವಾಗ ಆ ಮೂರೂವರೆ ಕಿಲೋ ಭಾರ ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ತಿರುಪಿನ ನಲ್ಲಿ ಮುಚ್ಚುವಾಗ ನಾವು ಎರಡು ಮೂರು ಸುತ್ತು ತಿರುಗಿಸುತ್ತೇವೆ, ಅಷ್ಟರಲ್ಲಿ ನೀರು ನಿಧಾನವಾಗಿ ನಿಲ್ಲುತ್ತದೆ. ಮೆಷಿನ್ ಒಳಗಿನ, ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ಹಾಗಲ್ಲ. ಕರೆಂಟ್ ತಪ್ಪಿದೊಡನೆ ಅದು ಸ್ಪ್ರಿಂಗ್ ಬಲದಿಂದ ಕಣ್ಣು ಮಿಟುಕಿಸುವುದಕ್ಕೆ ಮುಂಚೆಯೇ ಮುಚ್ಚಿಕೊಳ್ಳುತ್ತದೆ. ಓಡುತ್ತಿದ್ದ ನೀರಿಗೆ ಮುಂದೆ ದಾರಿಯಿಲ್ಲ, ಹಿಂದಿನಿಂದ ಬರುವ ನೀರು ನೂಕುತ್ತಲೇ ಇರುತ್ತದೆ, ಆ ರಭಸವೆಲ್ಲ ಒತ್ತಡವಾಗಿ ಬದಲಾಗಿ ಪೈಪಿನುದ್ದಕ್ಕೂ ಹಿಂದಕ್ಕೂ ಮುಂದಕ್ಕೂ ಅಲೆಯಾಗಿ ಓಡಾಡುತ್ತದೆ. ನೀವು ಹೇಳಿದ ಆ ಎರಡು ಮೂರು ಸಣ್ಣ ಬಡಿತಗಳು ಇದೇ ಅಲೆಯ ಮರುಹೊಡೆತಗಳು.

ಈ ಒತ್ತಡವನ್ನು ಲೆಕ್ಕ ಹಾಕುವ ಸೂತ್ರವನ್ನು ರಷ್ಯಾದ ವಿಜ್ಞಾನಿ ನಿಕೊಲಾಯ್ ಝುಕೊವ್‌ಸ್ಕಿ ಮಾಸ್ಕೋದ ನೀರು ಸರಬರಾಜು ಕೊಳವೆಗಳ ಮೇಲೆ ಪ್ರಯೋಗ ಮಾಡಿ 1898ರಲ್ಲಿ ಪ್ರಕಟಿಸಿದರು. ನೀರಿನ ಸಾಂದ್ರತೆ, ಪೈಪಿನಲ್ಲಿ ಅಲೆ ಓಡುವ ವೇಗ, ನಿಂತುಹೋದ ನೀರಿನ ವೇಗ, ಈ ಮೂರನ್ನು ಗುಣಿಸಿದರೆ ಏರಿದ ಒತ್ತಡ ಸಿಗುತ್ತದೆ. ಕಬ್ಬಿಣದ ಪೈಪಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 1,300 ಮೀಟರ್. ಹಾಗಾಗಿ ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಥಟ್ಟನೆ ನಿಂತರೆ ಸುಮಾರು 13 ಬಾರ್ ಒತ್ತಡ ಏರುತ್ತದೆ. ಇದು 130 ಮೀಟರ್ ಎತ್ತರದ ನೀರಿನ ಕಂಬದ ಬುಡದಲ್ಲಿರುವಷ್ಟು ಒತ್ತಡ. ಕ್ಷಣಮಾತ್ರ ಇರುತ್ತದೆಂಬುದು ನಿಜ, ಆದರೆ ದಿನವೂ ಹತ್ತಾರು ಸಲ ಹೀಗೆ ಬಡಿದರೆ ಥ್ರೆಡ್ ಇರುವ ಜಾಯಿಂಟುಗಳು, ಮೆಷಿನ್ ಹೋಸ್ ಮತ್ತು ವಾಲ್ವಿನ ಒಳಭಾಗಗಳು ಕ್ರಮೇಣ ಸಡಿಲಗೊಂಡು ಸೋರತೊಡಗುತ್ತವೆ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೌದು, ಹಾನಿಯಾಗುತ್ತದೆ, ಬಹಳ ದಿನ ಹೀಗೇ ಬಿಡಬೇಡಿ.

ಇನ್ನು ಗೇಟ್ ವಾಲ್ವಿನ ಮಾತು. ಅದನ್ನು ಅರ್ಧ ಮುಚ್ಚಿದಾಗ ನೀರಿನ ವೇಗ ತಗ್ಗಿತು, ಆದ್ದರಿಂದ ಬಡಿತವೂ ತಗ್ಗಿತು. ಪ್ಲಂಬರ್ ಅವರ ಯೋಚನೆ ತಪ್ಪಲ್ಲ, ಆರಿಸಿಕೊಂಡ ಜಾಗ ತಪ್ಪು. ಗೇಟ್ ವಾಲ್ವ್ ಪೂರ್ತಿ ತೆರೆದಿರಬೇಕು ಅಥವಾ ಪೂರ್ತಿ ಮುಚ್ಚಿರಬೇಕು. ನಡುವೆ ನಿಲ್ಲಿಸಿದರೆ ಒಳಗಿನ ಬಿಲ್ಲೆ ಎರಡೂ ಕಡೆ ಆಧಾರವಿಲ್ಲದೆ ನೇತಾಡುತ್ತಾ ಹರಿವಿನಲ್ಲಿ ನಡುಗುತ್ತದೆ, ನಿಮಗೆ ಕೇಳುವ ‘ಗುಂಯ್’ ಅದೇ ಇರಬೇಕು. ಹೀಗೇ ಬಿಟ್ಟರೆ ಬಿಲ್ಲೆಯೂ ಅದು ಕೂರುವ ಜಾಗವೂ ಸವೆದು, ಮುಂದೊಂದು ದಿನ ನೀರು ನಿಲ್ಲಿಸಲೇಬೇಕಾದಾಗ ವಾಲ್ವ್ ಮುಚ್ಚಿಕೊಳ್ಳುವುದಿಲ್ಲ. ಅದನ್ನು ಪೂರ್ತಿ ತೆರೆದು, ಮೆಷಿನ್ ಹೋಸ್ ಸೇರುವ ಆ್ಯಂಗಲ್ ಕಾಕನ್ನು ಅರ್ಧಕ್ಕೆ ಇಳಿಸಿ ನೋಡಿ. ಹರಿವು ಅರ್ಧವಾದರೆ ಏರುವ ಒತ್ತಡವೂ ಅರ್ಧವಾಗುತ್ತದೆ. ಮೆಷಿನ್ ತುಂಬಲು ಹೆಚ್ಚು ಹೊತ್ತು ಬೇಕಾಗುತ್ತದೆ, ಅಷ್ಟೇ; ತೀರಾ ಇಳಿಸಿದರೆ ನೀರು ಬರುತ್ತಿಲ್ಲವೆಂದು ಮೆಷಿನ್ ನಿಂತುಬಿಡಬಹುದು, ಅದನ್ನು ಗಮನಿಸಿ.

ಎರಡನೆಯ ಉತ್ತರ

ನಮ್ಮ ಮನೆಯಲ್ಲೂ ಇದೇ ತೊಂದರೆ ಇತ್ತು. ಹೋಸ್ ಸೇರುವ ಜಾಗದಲ್ಲಿ ಒಂದು ‘ಟೀ’ (ಮೂರು ಬಾಯಿಯ ಜೋಡಣೆ) ಹಾಕಿಸಿ, ಅದರ ಮೇಲೆ ಸುಮಾರು ಒಂದೂವರೆ ಅಡಿ ಉದ್ದದ ಪೈಪನ್ನು ನೆಟ್ಟಗೆ ನಿಲ್ಲಿಸಿ, ತುದಿಗೆ ಕ್ಯಾಪ್ ಹಾಕಿಸಿದೆವು. ಆ ಪೈಪಿನೊಳಗೆ ಸಿಕ್ಕಿಕೊಂಡಿರುವ ಗಾಳಿ ಗಾದಿಯಂತೆ ಕೆಲಸ ಮಾಡಿ ಹೊಡೆತವನ್ನು ನುಂಗಿಕೊಳ್ಳುತ್ತದೆ. ಅಂದೇ ಸದ್ದು ನಿಂತಿತು. ಹೆಚ್ಚಿನ ಖರ್ಚಿಲ್ಲ, ವಿಶೇಷ ಸಾಮಾನು ಬೇಕಿಲ್ಲ. ಆದರೆ ನಾಲ್ಕೈದು ತಿಂಗಳ ನಂತರ ಸದ್ದು ಮತ್ತೆ ಮೆಲ್ಲಗೆ ಶುರುವಾಗಿದೆ. ಕಾರಣ ಗೊತ್ತಾಗದೆ ನಾನೂ ಇಲ್ಲಿಯೇ ಕೇಳೋಣವೆಂದುಕೊಂಡಿದ್ದೆ.

ಮೊದಲ ಉತ್ತರ ಬರೆದವರಿಂದ

ನಿಮ್ಮ ಪೈಪಿನೊಳಗಿದ್ದ ಗಾಳಿ ಖಾಲಿಯಾಗಿದೆ. ಒತ್ತಡದಲ್ಲಿರುವ ನೀರು ತನಗೆ ತಾಗಿಕೊಂಡಿರುವ ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿಕೊಂಡು ಹೋಗುತ್ತದೆ. ಕೊನೆಗೆ ಆ ಪೈಪಿನಲ್ಲಿ ನೀರೇ ತುಂಬಿಕೊಳ್ಳುತ್ತದೆ, ನೀರು ಗಾಳಿಯಂತೆ ಕುಗ್ಗುವುದಿಲ್ಲ. ಸರಿಪಡಿಸುವುದು ಕಷ್ಟವೇನಲ್ಲ. ಪಂಪ್ ಮತ್ತು ಗೀಸರ್ ಎರಡರ ಸ್ವಿಚ್ಚನ್ನೂ ಮೊದಲು ಆರಿಸಿ, ಟ್ಯಾಂಕಿನಿಂದ ಇಳಿಯುವ ವಾಲ್ವ್ ಮುಚ್ಚಿ. ಮನೆಯ ಅತಿ ಮೇಲಿನ ನಲ್ಲಿಯನ್ನೂ ಅತಿ ಕೆಳಗಿನ ನಲ್ಲಿಯನ್ನೂ ತೆರೆದು ಪೈಪಿನ ನೀರೆಲ್ಲ ಇಳಿದುಹೋಗಲು ಬಿಡಿ. ‘ಟೀ’ ಇರುವ ಕಡೆ ಹೋಸ್ ಕಳಚಿ, ಆ್ಯಂಗಲ್ ಕಾಕ್ ಕೆಳಗೆ ಬಕೆಟ್ ಇಟ್ಟು ಅದನ್ನೂ ಖಾಲಿ ಮಾಡಿ. ನಿಲ್ಲಿಸಿದ ಪೈಪಿನೊಳಗೆ ಮತ್ತೆ ಗಾಳಿ ಸೇರಿಕೊಳ್ಳುತ್ತದೆ. ಅನಂತರ ಮುಖ್ಯ ವಾಲ್ವನ್ನು ಬಹಳ ನಿಧಾನವಾಗಿ ತೆರೆದು, ಪ್ರತಿಯೊಂದು ನಲ್ಲಿಯಲ್ಲೂ ನೀರು ಒಂದೇ ಸಮನೆ ಬರುವವರೆಗೆ ಹರಿಯಲು ಬಿಡಿ.

ಕೈಗೆಟುಕುವ ಜಾಗದಲ್ಲಿದ್ದು ಕೆಲವು ತಿಂಗಳಿಗೊಮ್ಮೆ ಹೀಗೆ ಖಾಲಿ ಮಾಡಲು ಸಿದ್ಧರಿದ್ದರೆ ಈ ಉಪಾಯ ಒಳ್ಳೆಯದೇ. ಗೋಡೆಯೊಳಗೆ ಹೂತಿಟ್ಟು ಮರೆತುಬಿಡುವುದಾದರೆ ಮಾತ್ರ ಬೇಡ. ನಾನು ಗಿರಾಕಿಗಳಿಗೆ ಹೇಳುವುದು ವಾಟರ್ ಹ್ಯಾಮರ್ ಅರೆಸ್ಟರನ್ನು. ಅದೂ ಗಾಳಿಯ ಗಾದಿಯೇ, ಆದರೆ ಗಾಳಿಗೂ ನೀರಿಗೂ ನಡುವೆ ರಬ್ಬರ್ ರಿಂಗ್ ಇರುವ ಪಿಸ್ಟನ್ ಇರುವುದರಿಂದ ಗಾಳಿ ನೀರಿನಲ್ಲಿ ಕರಗಿಹೋಗುವುದಿಲ್ಲ. ವಾಷಿಂಗ್ ಮೆಷಿನ್‌ಗೆಂದೇ ಮುಕ್ಕಾಲು ಇಂಚಿನ ಥ್ರೆಡ್ಡಿನಲ್ಲಿ, ಆ್ಯಂಗಲ್ ಕಾಕ್ ಮತ್ತು ಹೋಸ್ ನಡುವೆ ಕೈಯಲ್ಲೇ ತಿರುಗಿಸಿ ಕೂರಿಸುವ ಮಾದರಿ ದೊರೆಯುತ್ತದೆ. ಗೋಡೆ ಒಡೆಯುವ ಪ್ರಶ್ನೆಯೇ ಇಲ್ಲ. ಒಂದೇ ಎಚ್ಚರ: ಅರೆಸ್ಟರ್ ಯಾವ ವಾಲ್ವಿನಿಂದ ಹೊಡೆತ ಹುಟ್ಟುತ್ತದೆಯೋ ಅದಕ್ಕೆ ತೀರಾ ಹತ್ತಿರ ಇರಬೇಕು. ಟ್ಯಾಂಕಿನ ಬಳಿ ಒಂದನ್ನು ಹಾಕಿದರೆ ಇಡೀ ಮನೆಗೆ ಆಗುತ್ತದೆ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ; ಹಾಗೆ ಆಗುವುದಿಲ್ಲ, ಅಲೆ ಅಲ್ಲಿಗೆ ತಲುಪುವಷ್ಟರಲ್ಲಿ ದಾರಿಯ ಪೈಪನ್ನೆಲ್ಲ ಬಡಿದಾಗಿರುತ್ತದೆ. ಮೆಷಿನ್ ಬಿಸಿನೀರನ್ನೂ ತೆಗೆದುಕೊಳ್ಳುವುದಾದರೆ ಎರಡೂ ಹೋಸಿಗೆ ಒಂದೊಂದು ಬೇಕು.

ಮೂರನೆಯ ಉತ್ತರ

ಅರೆಸ್ಟರ್ ತರುವ ಮುಂಚೆ ದಯವಿಟ್ಟು ಪೈಪುಗಳ ಕ್ಲಾಂಪುಗಳನ್ನು ನೋಡಿ. ಒತ್ತಡದ ಅಲೆ ನೀರಿನೊಳಗಿರುತ್ತದೆ, ನಮ್ಮ ಕಿವಿಗೆ ಬೀಳುವ ದೊಡ್ಡ ಸದ್ದು ಬಹಳ ಸಲ ಪೈಪು ಎದ್ದು ಗೋಡೆಗೆ ಹೊಡೆಯುವುದರಿಂದ ಬರುತ್ತದೆ. ನಾನು ನಮ್ಮ ಮನೆಯಲ್ಲಿ ಇದನ್ನು ಕಂಡುಹಿಡಿದ ಬಗೆ ಹೀಗಿತ್ತು: ಒಬ್ಬರನ್ನು ಲಿವರ್ ನಲ್ಲಿಯ ಬಳಿ ನಿಲ್ಲಿಸಿ, ತೆರೆದು ಫಟ್ಟನೆ ಮುಚ್ಚುತ್ತಾ ಇರಲು ಹೇಳಿದೆ. ನಾನು ಹೊರಗೆ ಕಾಣುವ ಪೈಪಿನ ಮೇಲೆ ಅಂಗೈ ಇಟ್ಟುಕೊಂಡು ಒಂದೊಂದೇ ಅಡಿ ಮುಂದೆ ಹೋದೆ. ಒಂದು ಬೆಂಡಿನ ಹತ್ತಿರ ಬಂದಾಗ ಪೈಪು ಕೈಯೊಳಗೆ ಮೀನಿನಂತೆ ಮಿಡುಕಿತು. ನೋಡಿದರೆ ಕ್ಲಾಂಪಿನ ಸ್ಕ್ರೂ ಗೋಡೆಯ ಹಿಡಿತ ಬಿಟ್ಟು ಅರ್ಧ ಇಂಚು ಹೊರಗೆ ಬಂದಿತ್ತು; ಪೈಪು ಬಡಿದೂ ಬಡಿದೂ ಗೋಡೆಯ ಸುಣ್ಣ ಉದುರಿ ಹೆಬ್ಬೆರಳ ಉಗುರಿನಷ್ಟು ಗುಳಿ ಬಿದ್ದಿತ್ತು. ಹೊಸ ರಾಲ್‌ಪ್ಲಗ್ ಹಾಕಿ, ಕ್ಲಾಂಪಿನೊಳಗೆ ರಬ್ಬರ್ ಪಟ್ಟಿ ಇಟ್ಟು ಬಿಗಿ ಮಾಡಿದೆ. ಮುಕ್ಕಾಲು ಪಾಲು ಸದ್ದು ಅಲ್ಲಿಗೇ ಹೋಯಿತು. ಬೆಂಡುಗಳ ಎರಡೂ ಬದಿ ವಿಶೇಷವಾಗಿ ನೋಡಿ, ನೀರಿನ ರಭಸ ತಿರುಗುವ ಜಾಗ ಅದು.

ಆದರೆ ಬಿಸಿನೀರಿನ ಸಿಪಿವಿಸಿಗೆ ಇದೇ ಮಾತು ಹೇಳಲಾರೆ. ನಿಮ್ಮ ಸ್ನಾನದ ನಂತರದ ‘ಟಿಕ್ ಟಿಕ್’ ಬಡಿತವಲ್ಲ, ಬಿಸಿಯಾಗಿ ಉದ್ದವಾದ ಪೈಪು ತಣ್ಣಗಾಗುತ್ತಾ ಮತ್ತೆ ಕುಗ್ಗುವ ಸದ್ದು. ಸಿಪಿವಿಸಿ ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು ಹಿಗ್ಗುತ್ತದೆ. ಐದು ಮೀಟರ್ ಉದ್ದದ ಪೈಪು 40 ಡಿಗ್ರಿ ಬಿಸಿಯೇರಿದರೆ ಸುಮಾರು 12 ಮಿಲಿಮೀಟರ್ ಉದ್ದವಾಗುತ್ತದೆ. ಅದು ಕ್ಲಾಂಪಿಗೋ ಗೋಡೆಯ ತೂತಿನ ಅಂಚಿಗೋ ಉಜ್ಜಿಕೊಂಡಿದ್ದರೆ, ಒಂದಿಷ್ಟು ಹೊತ್ತು ತಡೆದು ಜಾರಿ, ಮತ್ತೆ ತಡೆದು ಜಾರಿ, ಪ್ರತಿ ಜಾರಿಗೆ ಒಂದು ‘ಟಿಕ್’ ಎನ್ನುತ್ತದೆ. ಇಲ್ಲಿ ಕ್ಲಾಂಪನ್ನು ಬಿಗಿ ಮಾಡಿದರೆ ಸದ್ದು ಹೆಚ್ಚುವುದು ಮಾತ್ರವಲ್ಲ, ಜಾಯಿಂಟಿನ ಮೇಲೆ ಎಳೆತವೂ ಬೀಳುತ್ತದೆ. ಪೈಪು ಜಾರಲು ಬಿಡುವ ಪ್ಲಾಸ್ಟಿಕ್ ಕ್ಲಾಂಪುಗಳನ್ನು ಹಾಕಿ, ಗೋಡೆ ದಾಟುವ ಕಡೆ ಫೋಮ್ ತೋಳು ತೊಡಿಸಿ. ಕೈಗೆ ಸಿಗದಂತೆ ಗಾರೆಯೊಳಗೇ ಇದ್ದರೆ ಗೀಸರಿನ ಥರ್ಮೋಸ್ಟಾಟನ್ನು ಕೆಲವು ಡಿಗ್ರಿ ಇಳಿಸಿ. ಬಿಸಿ ಕಡಿಮೆಯಾದಷ್ಟೂ ಹಿಗ್ಗುವುದು ಕಡಿಮೆ. ಇದು ಕಿರಿಕಿರಿಯೇ ಹೊರತು ಅಪಾಯವಲ್ಲವೆಂದು ನನ್ನ ಅಭಿಪ್ರಾಯ. ಸದ್ದು ಗೋಡೆಯಿಂದಲ್ಲದೆ ಗೀಸರಿನ ಒಳಗಿನಿಂದಲೇ, ನೀರು ಕಾಯುವಾಗ ಗುಳುಗುಳು, ಪಟಪಟ ಎಂದು ಬಂದರೆ ಮಾತ್ರ ಅದು ಬೇರೆ ವಿಷಯ: ಗಡಸು ನೀರಿನ ಸುಣ್ಣದ ಪದರ ತಳದಲ್ಲಿ ಕೂತಿದೆ, ಗೀಸರಿನ ಟ್ಯಾಂಕನ್ನು ತೊಳೆಸಬೇಕು.

ನಾಲ್ಕನೆಯ ಉತ್ತರ

ಇದೇ ವಿಷಯಕ್ಕೆ ಸಂಬಂಧಿಸಿದ ಸಣ್ಣ ಮಾತು. ನಮ್ಮಲ್ಲಿ ನಲ್ಲಿ ಮುಚ್ಚಿದಾಗಲ್ಲ, ಟ್ಯಾಂಕ್ ತುಂಬುತ್ತಾ ಬಂದಾಗ ಪೈಪೆಲ್ಲ ‘ಗಡಗಡ’ ಎಂದು ನಡುಗುತ್ತಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಫ್ಲೋಟ್ ವಾಲ್ವಿನ ಚೆಂಡು ನೀರಿನ ಅಲೆಗಳ ಮೇಲೆ ಕುಣಿಯುತ್ತಿತ್ತು. ಚೆಂಡು ಮೇಲೆದ್ದಾಗ ವಾಲ್ವ್ ಮುಚ್ಚುತ್ತದೆ, ಇಳಿದಾಗ ತೆರೆಯುತ್ತದೆ, ಆ ತೆರೆದು ಮುಚ್ಚುವಿಕೆಯಿಂದಲೇ ಮತ್ತೆ ಅಲೆ ಏಳುತ್ತದೆ. ನೀರು ಬೀಳುವ ಬಾಯಿಗೆ ಒಂದು ತುಂಡು ಪೈಪು ಜೋಡಿಸಿ ಬೀಳುವ ನೀರು ಚೆಂಡಿನಿಂದ ದೂರ ಇಳಿಯುವಂತೆ ಮಾಡಿ, ವಾಲ್ವಿನ ಸವೆದ ವಾಷರ್ ಬದಲಿಸಿದ ಮೇಲೆ ನಿಂತಿತು. ಪೈಪಿನ ತುದಿ ಟ್ಯಾಂಕಿನ ನೀರಿನೊಳಗೆ ಮುಳುಗದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಸರಬರಾಜು ನಿಂತಾಗ ಟ್ಯಾಂಕಿನ ನೀರು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಎರಡು ವಾರಗಳಲ್ಲಿ ನಿಮ್ಮ ಸಲಹೆಗಳನ್ನು ಒಂದಾದ ಮೇಲೊಂದರಂತೆ ಮಾಡಿ ನೋಡಿದೆ. ಗೇಟ್ ವಾಲ್ವನ್ನು ಪೂರ್ತಿ ತೆರೆದ ಕೂಡಲೇ ‘ಗುಂಯ್’ ಸದ್ದು ಮಾಯವಾಯಿತು, ಆದರೆ ನಿರೀಕ್ಷಿಸಿದಂತೆ ಬಡಿತ ಮೊದಲಿನಷ್ಟೇ ಜೋರಾಯಿತು. ಆ್ಯಂಗಲ್ ಕಾಕನ್ನು ಅರ್ಧಕ್ಕೆ ಇಳಿಸಿದಾಗ ಅದು ಸ್ಪಷ್ಟವಾಗಿ ತಗ್ಗಿತು. ಅಂಗೈ ಇಟ್ಟು ನೋಡುವ ಉಪಾಯದಿಂದ ಎರಡು ಸಡಿಲ ಕ್ಲಾಂಪುಗಳು ಸಿಕ್ಕವು, ಒಂದು ನಮ್ಮ ತಂದೆಯವರ ಮಂಚದ ತಲೆಭಾಗದ ಗೋಡೆಯ ಹೊರಮೈಯಲ್ಲೇ ಇತ್ತು. ಅವನ್ನು ಬಿಗಿ ಮಾಡಿಸಿ, ಕೊನೆಗೆ ಅರೆಸ್ಟರನ್ನೂ ಕೂರಿಸಿದೆವು. ಈಗ ಮೆಷಿನ್ ನೀರು ನಿಲ್ಲಿಸಿದ್ದು ಪಕ್ಕದಲ್ಲೇ ನಿಂತು ಕಿವಿಗೊಟ್ಟರೆ ಮಾತ್ರ ತಿಳಿಯುತ್ತದೆ. ತಂದೆಯವರು ಕಳೆದ ಐದು ರಾತ್ರಿ ನಡುವೆ ಏಳದೆ ಮಲಗಿದ್ದಾರೆ. ಲಿವರ್ ನಲ್ಲಿಯನ್ನು ಮನೆಮಂದಿಯೆಲ್ಲ ನಿಧಾನವಾಗಿ ಮುಚ್ಚುವುದನ್ನು ರೂಢಿ ಮಾಡಿಕೊಂಡಿದ್ದೇವೆ.

ಉಳಿದಿರುವುದು ಒಂದೇ ಸಂಗತಿ. ದೊಡ್ಡ ಬಡಿತ ನಿಂತ ಮೇಲೆ ಇನ್ನೊಂದು ಸದ್ದು ಕಿವಿಗೆ ಬೀಳತೊಡಗಿದೆ. ಶೌಚಾಲಯದ ಫ್ಲಶ್ ಟ್ಯಾಂಕ್ ತುಂಬುವ ಕೊನೆಯಲ್ಲಿ, ನೀರು ಸಣ್ಣಗೆ ಹರಿಯುವಾಗ, ಚಾವಣಿಯ ಮೇಲಿನ ಪಂಪ್ ಎರಡು ಮೂರು ಸೆಕೆಂಡಿಗೊಮ್ಮೆ ಆನ್ ಆಗಿ ಆಫ್ ಆಗುತ್ತದೆ, ಪ್ರತಿ ಸಲ ‘ಟಕ್’ ಎಂದು ಪೈಪು ಅದುರುತ್ತದೆ. ಪಂಪಿನ ಪಕ್ಕ ಚೆಂಡಿನಾಕಾರದ ಒಂದು ಸಣ್ಣ ಟ್ಯಾಂಕ್ ಇದೆ. ಇದೂ ವಾಟರ್ ಹ್ಯಾಮರೇ?

ಮೊದಲ ಉತ್ತರ ಬರೆದವರಿಂದ

ತಂದೆಯವರಿಗೆ ನಿದ್ದೆ ಬರುತ್ತಿದೆ ಎಂದು ಓದಿ ಸಂತೋಷವಾಯಿತು. ಈ ಸದ್ದಿಗೆ ಕಾರಣ ನೀವೇ ಹೇಳಿದ ಆ ಚೆಂಡಿನಾಕಾರದ ಟ್ಯಾಂಕ್. ಅದರೊಳಗೆ ರಬ್ಬರ್ ಪೊರೆಯ ಒಂದು ಬದಿ ಗಾಳಿ, ಇನ್ನೊಂದು ಬದಿ ನೀರು ಇರುತ್ತದೆ. ಗಾಳಿ ಸರಿಯಾಗಿದ್ದರೆ ಸಣ್ಣ ಹರಿವಿಗೆ ಬೇಕಾದ ನೀರನ್ನು ಟ್ಯಾಂಕೇ ಕೊಡುತ್ತದೆ, ಪಂಪ್ ಏಳಬೇಕಾಗುವುದಿಲ್ಲ. ಗಾಳಿ ಇಳಿದುಹೋಗಿದ್ದರೆ ಒಂದು ಲೋಟ ನೀರು ಹೋದರೂ ಒತ್ತಡ ಥಟ್ಟನೆ ಕುಸಿಯುತ್ತದೆ, ಪಂಪ್ ಏಳುತ್ತದೆ, ಕೂಡಲೇ ಒತ್ತಡ ತುಂಬಿ ನಿಲ್ಲುತ್ತದೆ. ಹೀಗೆ ಬಿಟ್ಟರೆ ಸದ್ದಿಗಿಂತ ಹೆಚ್ಚಾಗಿ ಪಂಪಿನ ಮೋಟರಿಗೇ ಕೇಡು.

ಪಂಪಿನ ಸ್ವಿಚ್ ಆರಿಸಿ, ಚಾವಣಿಯ ದೊಡ್ಡ ಟ್ಯಾಂಕಿನಿಂದ ಪಂಪಿಗೆ ಬರುವ ವಾಲ್ವ್ ಮುಚ್ಚಿ, ಒಂದು ನಲ್ಲಿ ತೆರೆದು ನೀರು ಪೂರ್ತಿ ನಿಲ್ಲುವವರೆಗೆ ಬಿಡಿ. ನೀರಿನ ಕಡೆ ಒತ್ತಡ ಇರುವಾಗ ಅಳೆದರೆ ಗಾಳಿಯ ಲೆಕ್ಕ ಸರಿಯಾಗಿ ಸಿಗುವುದಿಲ್ಲ. ಚೆಂಡಿನ ಹಿಂಭಾಗದಲ್ಲಿ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ವಾಹನದ ಟೈರಿನಲ್ಲಿರುವಂಥದ್ದೇ ವಾಲ್ವ್ ಇರುತ್ತದೆ. ಟೈರಿನ ಗಾಳಿ ಅಳೆಯುವ ಗೇಜನ್ನೇ ಅಲ್ಲಿಗೆ ಹಿಡಿಯಿರಿ. ಪಂಪ್ ಏಳುವ ಒತ್ತಡಕ್ಕಿಂತ 0.15 ಬಾರಿನಷ್ಟು ಕಡಿಮೆ ಇರಬೇಕು. ಉದಾಹರಣೆಗೆ ಪಂಪ್ 1.5 ಬಾರಿಗೆ ಏಳುವುದಾದರೆ ಗಾಳಿ ಸುಮಾರು 1.35 ಬಾರ್. ಕಡಿಮೆಯಿದ್ದರೆ ಸೈಕಲ್ ಪಂಪಿನಿಂದಲೇ ತುಂಬಬಹುದು. ವಾಲ್ವಿನ ಸೂಜಿಯನ್ನು ಒತ್ತಿದಾಗ ಗಾಳಿಯ ಬದಲು ನೀರು ಚಿಮ್ಮಿದರೆ ಒಳಗಿನ ಪೊರೆ ಹರಿದಿದೆ ಎಂದರ್ಥ. ಆಗ ಗಾಳಿ ತುಂಬಿ ಪ್ರಯೋಜನವಿಲ್ಲ, ಪೊರೆಯನ್ನಾದರೂ ಟ್ಯಾಂಕನ್ನಾದರೂ ಬದಲಿಸಬೇಕು.

ಪ್ರಶ್ನೆ ಕೇಳಿದವರಿಂದ

ಈಗಷ್ಟೇ ಚಾವಣಿಯಿಂದ ಇಳಿದು ಬಂದೆ. ಗೇಜಿನಲ್ಲಿ 0.4 ಬಾರ್ ತೋರಿಸಿತು, ಸೂಜಿ ಒತ್ತಿದಾಗ ನೀರು ಬರಲಿಲ್ಲ, ಬರೀ ಗಾಳಿ. ಪಂಪಿನ ಮೇಲಿನ ಫಲಕದಲ್ಲಿ ಏಳುವ ಒತ್ತಡ 1.4 ಬಾರ್ ಎಂದಿದೆ, ಆದ್ದರಿಂದ 1.25ಕ್ಕೆ ತುಂಬಿದೆ. ಫ್ಲಶ್ ಟ್ಯಾಂಕನ್ನು ಮೂರು ಸಲ ಖಾಲಿ ಮಾಡಿ ನೋಡಿದೆ. ಪ್ರತಿ ಸಲವೂ ಪಂಪ್ ಒಮ್ಮೆ ಎದ್ದು, ತುಂಬುವವರೆಗೆ ಓಡಿ, ಒಮ್ಮೆ ನಿಂತಿತು.